ಐದು ಜನರ ಕೋರಂ

ಕೆಳಗೆ ಊಟದ ಮೇಜಿನ ಸುತ್ತ ಕುರ್ಚಿ ಸರಿಸುವ ಸದ್ದು ಕೇಳಿಸಿದರೂ ಅವಳು ಏಳದೆ, ಯಾವ ಸದ್ದು ಯಾರ ಕುರ್ಚಿಯದೆಂದು ಗುರುತಿಸುತ್ತ ಮಲಗಿದ್ದಳು. ಮನೆಯ ಅಳಿಯ, ನಾದಿನಿಯ ಗಂಡ, ಕುರ್ಚಿಯನ್ನು ಕಾಲಿನಿಂದ ತಳ್ಳುತ್ತಾನೆ. ನಾದಿನಿ ಎಳೆಯುತ್ತಾಳೆ, ಎಳೆದು ಮತ್ತೆ ಒಂದಿಷ್ಟು ಹಿಂದಕ್ಕೆ ನೂಕುತ್ತಾಳೆ. ಮಾವ ಎರಡೂ ಕೈಯಿಂದ ಎತ್ತಿ ಇಡುತ್ತಾರೆ, ನೆಲಕ್ಕೆ ಗೀರು ಬೀಳಬಾರದೆಂದು ನಿಯಮವಿದೆ, ಆ ನಿಯಮವನ್ನು ಪಾಲಿಸುವವರು ಅವರೊಬ್ಬರೇ. ಅತ್ತೆಯದು ಕುರ್ಚಿಯಲ್ಲ, ಅಡುಗೆಮನೆಯ ಬಾಗಿಲ ಹತ್ತಿರದ ಸ್ಟೂಲು. ಅದು ಇದ್ದಲ್ಲೇ ಇರುತ್ತದೆ. ಉಳಿದ ಎರಡು ಕುರ್ಚಿಗಳಲ್ಲಿ ಒಂದನ್ನು, ಅವಳದನ್ನು, ಯಾರೋ ಎಳೆದಿಟ್ಟ ಸದ್ದು ಬಂತು, ಇನ್ನೊಂದರದು ಬರಲಿಲ್ಲ. ಅದನ್ನು ಎಂಟು ತಿಂಗಳ ಹಿಂದೆಯೇ ಯಾರೋ ಒಯ್ದು ಹಿತ್ತಲಿನ ಬಾಗಿಲ ಹಿಂದೆ ಇಟ್ಟಿದ್ದರು, ಈಗ ಅದರ ಮೇಲೆ ಬಟ್ಟೆ ಒಗೆಯುವ ಸೋಪಿನ ಡಬ್ಬಿ ಇತ್ತು. ಅವಳು ಕೋಣೆಯನ್ನು ನೋಡಿದಳು. ಚೆನ್ನಾದ ಕೋಣೆಯೇನಲ್ಲ. ಮಧ್ಯಾಹ್ನ ಸೆಖೆ, ಕಿಟಕಿಯ ಎದುರು ಯಾರದೋ ನೀರಿನ ತೊಟ್ಟಿ. ಆದರೆ ಮನೆಯಲ್ಲಿ ಒಳಗಿನಿಂದ ಚಿಲಕ ಬೀಳುವ ಬಾಗಿಲು ಇದೊಂದೇ. ಅದರಾಚೆ ಎಲ್ಲರೂ ಅವಳ ಮುಖ ನೋಡುತ್ತಿದ್ದರು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. ಎಂಟು ತಿಂಗಳಿಂದ ಉಕ್ಕಿರಲಿಲ್ಲ. ಈ ಕೋಣೆ ಹೋದರೆ ಅವಳು ಅತ್ತೆಯ ಕೋಣೆಯಲ್ಲಿ, ಅತ್ತೆಯ ಮಗ್ಗುಲಲ್ಲಿ ಮಲಗಬೇಕು. ಅತ್ತೆ ಹಗಲಿನಲ್ಲೂ ಅಳುತ್ತಾರೆ, ಅತ್ತು ಮುಗಿಸಿ ತಿರುಗಿ ಇವಳ ಕಡೆ ನೋಡುತ್ತಾರೆ.

ಗುರುವಾರ ಮಾವ ಕಾರ್ಯಸೂಚಿಯ ಕರಡನ್ನು ಅವಳ ಕೈಗೆ ಕೊಟ್ಟು, 'ಶುದ್ಧಪ್ರತಿ ಮಾಡಿಡಮ್ಮ, ನಿನ್ನ ಅಕ್ಷರ ಇಲ್ಲದೆ ನಮ್ಮ ರಿಜಿಸ್ಟರು ಬಣಗುಡ್ತಿದೆ' ಎಂದಿದ್ದರು. ಒಂದು: ಅಗಲಿದ ಸದಸ್ಯರಿಗೆ ಶ್ರದ್ಧಾಂಜಲಿ. ಎರಡು: ಮಹಡಿಯ ಕೋಣೆಯ ಮರುಹಂಚಿಕೆ. ಮೂರು: ಹಿತ್ತಲಿನ ನಲ್ಲಿ. ಅವಳು ಮೂರನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಬರೆದಿದ್ದಳು.

ಈ ಮನೆಗೆ ಸಂವಿಧಾನವಿತ್ತು. ಮಾವ ಮೂವತ್ತನಾಲ್ಕು ವರ್ಷ ವಿಶ್ವವಿದ್ಯಾಲಯದಲ್ಲಿ ಸಂವಿಧಾನ ಪಾಠ ಹೇಳಿದವರು. ಲಿಖಿತ, ಅಲಿಖಿತ, ನಮ್ಯ, ಅನಮ್ಯ ಎಂದು ಬೋರ್ಡಿನ ಮೇಲೆ ನಾಲ್ಕು ಮನೆ ಬರೆದು ಲೋಕದ ದೇಶಗಳನ್ನೆಲ್ಲ ಅದರೊಳಗೆ ಹಂಚಿ ಕೂರಿಸುವಾಗ ಅವರ ಮುಖದಲ್ಲಿ ಮಕ್ಕಳಿಗೆ ಊಟ ಬಡಿಸಿದವರ ತೃಪ್ತಿ ಇರುತ್ತಿತ್ತು. ನಿವೃತ್ತರಾಗುವ ಮುಂಚೆಯೇ ಅವರು ತಮ್ಮ ಮನೆಗೂ ಒಂದನ್ನು ಬರೆದರು. ಲಿಖಿತ, ಅನಮ್ಯ, ಎಂದರೆ ಸುಲಭವಾಗಿ ತಿದ್ದಲು ಬಾರದ್ದು. ಕ್ಯಾಲಿಕೋ ಬೈಂಡಿನ ರಿಜಿಸ್ಟರು, ಇಪ್ಪತ್ತಮೂರು ಕಲಮು. ವಯಸ್ಕರಿಗೆಲ್ಲ ಒಂದೊಂದು ಮತ. ಕೋಣೆಗಳ ಹಂಚಿಕೆ, ಹೊಸ ಸಾಮಾನು, ನೆಂಟರು ಎಷ್ಟು ದಿನ ಇರಬಹುದು, ಎಲ್ಲವೂ ಸಭೆಯಲ್ಲಿಯೇ ತೀರ್ಮಾನವಾಗಬೇಕು. ಆರು ಜನರಲ್ಲಿ ಐದು ಜನ ಹಾಜರಿದ್ದರೆ ಮಾತ್ರ ಕೋರಂ, ಇಲ್ಲದಿದ್ದರೆ ಅದು ಸಭೆಯೇ ಅಲ್ಲ, ತಿದ್ದುಪಡಿಗೂ ಅಷ್ಟೇ. 'ನಾನು ಬರೀ ಸಾಂವಿಧಾನಿಕ ಮುಖ್ಯಸ್ಥ, ನನ್ನ ಕೈಲೇನಿದೆ' ಎಂದು ಮಾವ ಬಂದವರೆದುರು ಎರಡೂ ಅಂಗೈ ತೋರಿಸುತ್ತಿದ್ದರು. ಖಾಲಿ ಅಂಗೈಗಳು, ಮೆತ್ತಗಿನವು, ಸೀಮೆಸುಣ್ಣ ಬಿಟ್ಟರೆ ಬೇರೇನನ್ನೂ ಹಿಡಿಯದಂಥವು. ಅವರ ಇಚ್ಛೆಗೆ ವಿರುದ್ಧವಾಗಿ ಒಂದು ನಿರ್ಣಯವೂ ಆ ರಿಜಿಸ್ಟರಿನಲ್ಲಿ ಇರಲಿಲ್ಲ. ಅವರು ಕೈ ಎತ್ತಿದರೆ ಅತ್ತೆ ಎತ್ತುತ್ತಿದ್ದರು, ಕೆಲವು ಸಲ ಸೌಟು ಹಿಡಿದುಕೊಂಡೇ. ಅವಳ ಗಂಡ ಮಾತ್ರ ಮಾವನ ಪ್ರತಿಯೊಂದು ಸೂಚನೆಗೂ ವಿರುದ್ಧ ಮತ ಹಾಕುತ್ತಿದ್ದ, ಗೇಟಿಗೆ ಹಚ್ಚುವ ಬಣ್ಣಕ್ಕೂ ಭಿನ್ನಾಭಿಪ್ರಾಯದ ಟಿಪ್ಪಣಿ ಬರೆಸುತ್ತಿದ್ದ. ಮಾವ ಒಂದು ಸಲ ಕಣ್ಣಲ್ಲಿ ನೀರು ತಂದುಕೊಂಡು ಅವನನ್ನು ಅಧಿಕೃತ ವಿರೋಧಪಕ್ಷವೆಂದು ಘೋಷಿಸಿದ್ದರು. ಸೋತು ಮಹಡಿಗೆ ಬಂದು, ಚಿಲಕ ಹಾಕಿ, ದಿಂಬಿನಲ್ಲಿ ಮುಖ ಹುದುಗಿಸಿ ಇಬ್ಬರೂ ನಗುತ್ತಿದ್ದರು. ಅವಳು ಮಾವನ ವಿದ್ಯಾರ್ಥಿನಿ. ಅನಮ್ಯ ಸಂವಿಧಾನದ ಗುಣದೋಷಗಳ ಕುರಿತು ಅವಳು ಪರೀಕ್ಷೆಯಲ್ಲಿ ಬರೆದ ಉತ್ತರವನ್ನು ಓದಿಯೇ ಅವರು ಅವಳನ್ನು ಸೊಸೆಯಾಗಿ ಗೊತ್ತುಮಾಡಿದ್ದು. ಹದಿನಾರು ಅಂಕದ ಪ್ರಶ್ನೆ. ಹದಿನೈದು ಕೊಟ್ಟಿದ್ದರು.

ಹನ್ನೊಂದನೆಯ ಕಲಮನ್ನು ಬರೆದವಳು ಅವಳೇ. ಮದುವೆಯಾದ ಆರು ತಿಂಗಳಿಗೆ. ಆಗ ನಾದಿನಿ ಗಂಡನನ್ನು ಬಿಟ್ಟು ಬಂದಿದ್ದಳು. ಅಳಿಯ ಮಾತ್ರ ಪ್ರತಿ ತಿಂಗಳ ಮೊದಲ ಭಾನುವಾರ, ಸಭೆಯ ದಿನ, ತಪ್ಪದೆ, ಇಸ್ತ್ರಿ ಅಂಗಿ ತೊಟ್ಟು, ಸೀನುತ್ತ ಬಂದು ತನ್ನ ಕುರ್ಚಿಯಲ್ಲಿ ಕೂತು ಮತ ಹಾಕಿ ಹೋಗುತ್ತಿದ್ದ. ಸದಸ್ಯತ್ವ ರದ್ದಾಗುವ ಕಲಮೇ ಇರಲಿಲ್ಲ. ಗಂಡ ಕರಡು ಮಾಡಿದ: ವಿಚ್ಛೇದನದ ದಿನ ಸದಸ್ಯತ್ವ ಮುಗಿಯತಕ್ಕದ್ದು. ಅವಳು ಅದನ್ನು ಹೊಡೆದು ಹಾಕಿದಳು. ವಿಚ್ಛೇದನ ಎಂದಷ್ಟೇ ಬರೆದರೆ ನಾದಿನಿಗೆ ನೋವಾಗುತ್ತದೆ, ಅಲ್ಲದೆ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಮಾಡಿದ ಕಾನೂನು ಕಾನೂನಲ್ಲವೆಂದು ಮಾವನೇ ಪಾಠ ಹೇಳಿದ್ದಾರೆ. 'ವಿವಾಹದಿಂದ ಸದಸ್ಯತ್ವ ಪಡೆದವರ ಸದಸ್ಯತ್ವವು, ಆ ವಿವಾಹವು ವಿಚ್ಛೇದನ, ಮರಣ ಅಥವಾ ಇನ್ನಾವುದೇ ಕಾರಣದಿಂದ ಕೊನೆಗೊಂಡ ದಿನ, ತಾನಾಗಿಯೇ ಕೊನೆಗೊಳ್ಳತಕ್ಕದ್ದು.' ಮರಣವನ್ನು ಅವಳು ಸೇರಿಸಿದ್ದು ವಿಚ್ಛೇದನ ಒಂಟಿಯಾಗಿ ಎದ್ದು ಕಾಣಬಾರದೆಂದು. ಜೊತೆಗಿರಲೆಂದು. ಮಾವ ಅದನ್ನು ಎರಡು ಸಲ ಓದಿ, 'ಇದು ಕರಡು ಅಂದ್ರೆ' ಎಂದಿದ್ದರು, ಅವಳಿಗೆ ಮೈಯೆಲ್ಲ ಬೆಚ್ಚಗಾಗಿತ್ತು. ಆಮೇಲೆ ನಾದಿನಿ, ಅಳಿಯ ರಾಜಿಯಾದರು, ಇಬ್ಬರೂ ಇಲ್ಲಿಗೇ ಬಂದು ಬಚ್ಚಲಿನ ಪಕ್ಕದ ಕೋಣೆಯಲ್ಲಿ ಉಳಿದರು. ಆ ಕೋಣೆಯ ಗೋಡೆ ಮೊಣಕಾಲೆತ್ತರದವರೆಗೂ ಒದ್ದೆ. ಅಳಿಯನಿಗೆ ಉಬ್ಬಸ. ಮಹಡಿಯ ಕೋಣೆ ಅವರಿಗೆ ಬೇಕೆನ್ನುವುದರಲ್ಲಿ ಅನ್ಯಾಯವೇನೂ ಇಲ್ಲ, ಅದು ಅವಳಿಗೂ ಗೊತ್ತಿತ್ತು. ಅವರು ದುಷ್ಟರಾಗಿದ್ದರೆ ಎಷ್ಟು ಸುಲಭವಿತ್ತು.

ಮತಗಳನ್ನು ಅವಳು ಗುರುವಾರವೇ ಲೆಕ್ಕ ಹಾಕಿದ್ದಳು. ಮಾವ, ಅತ್ತೆ, ನಾದಿನಿ, ಅಳಿಯ ಒಂದು ಕಡೆ. ಅವಳೊಬ್ಬಳು ಇನ್ನೊಂದು ಕಡೆ. ಆಮೇಲೆ ರಿಜಿಸ್ಟರಿನ ಹಾಳೆ ತಿರುವುತ್ತ ತನ್ನದೇ ಅಕ್ಷರಗಳ ಎದುರು ನಿಂತಳು. ಅವಳು ಸದಸ್ಯೆಯೇ ಅಲ್ಲ. ಹಾಗಾದರೆ ಉಳಿದವರು ನಾಲ್ಕು ಜನ. ನಾಲ್ಕು ಜನಕ್ಕೆ ಕೋರಂ ಇಲ್ಲ. ಕೋರಂ ಇಲ್ಲದ ಸಭೆಗೆ ಕೋಣೆ ಹಂಚುವ ಅಧಿಕಾರವಿಲ್ಲ, ಹಂಚಿಕೆ ಬದಲಾಗದಿದ್ದರೆ ಕೋಣೆ ಯಾರ ಬಳಿ ಇದೆಯೋ ಅವರದೇ. ಅದು ಒಂಬತ್ತನೆಯ ಕಲಮು. ತಾನು ಇಲ್ಲವೆಂದು ಸಾಬೀತು ಮಾಡಿದರೆ ತನ್ನ ಕೋಣೆ ಉಳಿಯುತ್ತದೆ. ಅವಳಿಗೆ ನಗು ಬಂತು. ಮುಖದಲ್ಲಿ ತೋರಗೊಡಲಿಲ್ಲ. ಈ ಜನ, ಈ ರಿಜಿಸ್ಟರು, ಈ ನಲ್ಲಿ ರಿಪೇರಿಯ ಸಾರ್ವಭೌಮರು. ಅವರ ಆಟದ ನಿಯಮದಲ್ಲೇ ಅವರನ್ನು ಹಿಡಿದು ಹಾಕುತ್ತೇನೆ.

'ಅತ್ತಿಗೇ, ಹತ್ತಾಯ್ತು' ಎಂದು ನಾದಿನಿ ಕೆಳಗಿನಿಂದ ಕೂಗಿದಳು.

ಅವಳು ಇಳಿದು ಬಂದಾಗ ಮಾವ ಆಗಲೇ ತಲೆದೆಸೆಯಲ್ಲಿ ಕೂತು ಪೆನ್ನಿನ ಮುಚ್ಚಳ ಬಿಚ್ಚಿದ್ದರು. ಕೋಟು ಹಾಕಿದ್ದರು. ಎಂಟು ತಿಂಗಳ ಮೇಲೆ ಸಭೆ. ಅವರ ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು, ಮಗ ಸತ್ತ ಮೇಲೆ ಮೊದಲ ಸಲ ಅವರಿಗೆ ತಾನು ಏನು ಮಾಡಬೇಕೆಂಬುದು ಗೊತ್ತಿರುವ ಹಾಗೆ ಕಾಣುತ್ತಿತ್ತು. ಅತ್ತೆ ಸ್ಟೂಲಿನ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು.

'ಅಕ್ಕಾ, ಇಲ್ಲಿ ಕೂತ್ಕೊಳ್ಳಿ, ಫ್ಯಾನಿನ ಕೆಳಗೆ' ಎಂದ ಅಳಿಯ, ತೀರ ಮೆದುವಾಗಿ. ಎಂಟು ತಿಂಗಳಿಂದ ಅವನು ಅವಳ ಹತ್ತಿರ ಮಾತಾಡುವಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಇದ್ದವನಂತೆ ದನಿ ತಗ್ಗಿಸುತ್ತಿದ್ದ. 'ನನಗೆ ಫ್ಯಾನು ಆಗಲ್ಲ ನೋಡಿ, ಸೀನು ಶುರುವಾಯ್ತು ಅಂದ್ರೆ ಸಭೆ ಬರ್ಖಾಸ್ತು.'

'ಸಭೆಯಲ್ಲಿ ಅಕ್ಕ-ಬಾವ ಇಲ್ಲ' ಎಂದರು ಮಾವ. 'ಸದಸ್ಯರು ಅನ್ನಿ.'

'ಆಯ್ತು ಅಧ್ಯಕ್ಷರೇ. ಗೌರವಾನ್ವಿತ ಸದಸ್ಯರು ಫ್ಯಾನಿನ ಕೆಳಗೆ ಕೂರಲಿ.'

ನಾದಿನಿ ಗಂಡನ ತೊಡೆಗೆ ತಿವಿದಳು. ಮೊದಲು ಎರಡು ನಿಮಿಷ ಮೌನ. ಮಾವ ಗಡಿಯಾರ ನೋಡುತ್ತಿದ್ದರು. ಅತ್ತೆಯ ಕೈ ಅವರೆಕಾಯಿಯ ಮೇಲೆ ನಿಂತಿತು, ಎಲ್ಲರೂ ಒಂದೊಂದು ಸಲ ಅವಳ ಮುಖ ನೋಡಿ ಕಣ್ಣು ತೆಗೆದರು. ಅವಳು ಮೇಜಿನ ಮೇಲಿನ ನೀರಿನ ಕಲೆಯನ್ನು ನೋಡಿದಳು. ಉಂಗುರದ ಹಾಗಿತ್ತು, ಅವನು ಲೋಟ ಇಡುತ್ತಿದ್ದ ಜಾಗವೂ ಇರಬಹುದು, ಅಲ್ಲದಿರಬಹುದು, ಲೋಟ ಯಾರು ಬೇಕಾದರೂ ಇಡುತ್ತಾರೆ. ಎರಡು ನಿಮಿಷ ಆಗುತ್ತಲೇ ಮಾವ, 'ಹಾಜರಿ ಬರ್ಕೊಳ್ಳಮ್ಮ' ಎಂದರು. ನಡವಳಿ ಬರೆಯುವ ಕೆಲಸ ಮದುವೆಯಾದಂದಿನಿಂದ ಅವಳದೇ. ಒಂದು, ಎರಡು, ಮೂರು, ನಾಲ್ಕು. ಮೊದಲಿನಂತೆ ಹೆಸರಿನ ಎದುರು ಸಂಬಂಧ: ಅಧ್ಯಕ್ಷರು, ಅಧ್ಯಕ್ಷರ ಪತ್ನಿ, ಪುತ್ರಿ, ಪುತ್ರಿಯ ಪತಿ. ಐದನೆಯ ಸಾಲಿನ ಮೇಲೆ ಪೆನ್ನು ನಿಂತಿತು. ಜನನ-ಮರಣ ನೋಂದಣಿಯ ಕಛೇರಿಯಲ್ಲಿಯೂ ಹೀಗೆ ಒಂದು ಸಾಲಿತ್ತು. ಅರ್ಜಿದಾರರ ವೈವಾಹಿಕ ಸ್ಥಿತಿ. ಅವಳು ವಿವಾಹಿತೆ ಎಂದು ಬರೆದು ಕೊಟ್ಟಿದ್ದಳು. ಗುಮಾಸ್ತೆ ತಲೆ ಎತ್ತದೆ ಅದರ ಮೇಲೊಂದು ಗೆರೆ ಎಳೆದು, 'ಈಗ ಅಲ್ಲವಲ್ಲಮ್ಮ' ಎಂದು, ಪಕ್ಕದಲ್ಲಿ ತಾನೇ ಸರಿಯಾದ ಪದ ಬರೆದು, ಸಹಿ ಮಾಡಲು ಪೆನ್ನು ತಿರುಗಿಸಿ ಕೊಟ್ಟಿದ್ದಳು. ತಪ್ಪು ಮಾಡಿದವಳಂತೆ ಅವಳು ಸಹಿ ಹಾಕಿದ್ದಳು. ಹಿಂದೆ ಸಾಲಿನಲ್ಲಿದ್ದ ಯಾರೋ, ಬೇಗ, ಬೇಗ ಎಂದಿದ್ದರು. ಆ ಮನುಷ್ಯ ಮಗುವಿನ ಹುಟ್ಟು ಬರೆಸಲು ಬಂದಿದ್ದ, ಕೈಯಲ್ಲಿ ಸಿಹಿಯ ಪೊಟ್ಟಣವಿತ್ತು.

'ಏನಮ್ಮ? ಐದು ಜನ. ಕೋರಂ ಇದೆ. ಬರಿ.'

'ಇಲ್ಲ' ಎಂದಳು.

'ಏನು ಇಲ್ಲ?'

'ಕೋರಂ ಇಲ್ಲ. ನಾಲ್ಕೇ ಜನ. ನನ್ನದೊಂದು ಕ್ರಿಯಾಲೋಪ ಇದೆ.'

ಸಭೆಯಲ್ಲಿ ಏನಾದರೂ ನಿಯಮ ತಪ್ಪಿ ನಡೆದರೆ ಎದ್ದು ನಿಂತು ಹೇಳುವ ಮಾತು ಅದು. ಮಾವನಿಗೆ ಅದು ಕೇಳಿದರೆ ಸಾಕು, ಬೆನ್ನು ನೆಟ್ಟಗಾಗುತ್ತಿತ್ತು. ಈಗಲೂ ಆಯಿತು. ಅವಳು ರಿಜಿಸ್ಟರನ್ನು ಹನ್ನೊಂದನೆಯ ಕಲಮಿಗೆ ತಿರುವಿ ಅವರ ಕಡೆ ಸರಿಸಿದಳು. ಅವರು ಓದಲಿಲ್ಲ. ಅವರಿಗೆ ಬಾಯಿಪಾಠವಿತ್ತು.

'ಅಯ್ಯೋ ಅತ್ತಿಗೆ' ಎಂದಳು ನಾದಿನಿ. 'ಅದನ್ನೆಲ್ಲ ಯಾರು ಕೇಳಿದ್ರು ಈಗ? ನಿಮ್ಮನ್ನ ಯಾರಾದ್ರೂ ಹೊರಗಿನವಳು ಅಂದ್ರಾ?'

'ಅದು ನನ್ನ ತಲೆ ಮೇಲೆ ಬರೆದ ಕಲಮು ಕಣೆ' ಎಂದ ಅಳಿಯ. 'ನನಗೆ ಅವತ್ತೇ ಗೊತ್ತಿತ್ತು. ಮರಣಾನೂ ಸೇರ್ಸಿದಾರಲ್ಲ, ನಾನು ಸಾಯ್ಲಿ ಅಂತ ಕಾಯ್ತಿದಾರೇನೋ ಅಂದ್ಕೊಂಡಿದ್ದೆ.' ಅಂದ ಮೇಲೆ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ಹೊಳೆದು ಕೆಮ್ಮತೊಡಗಿದ.

'ಸುಮ್ನಿರಿ' ಎಂದರು ಮಾವ. ಅವರ ಕಣ್ಣು ಅವಳ ಮೇಲೆಯೇ ಇತ್ತು. ಅದರಲ್ಲಿ ಹದಿನಾರಕ್ಕೆ ಹದಿನೈದು ಕೊಟ್ಟ ಮನುಷ್ಯ ಇಣುಕುತ್ತಿದ್ದ. 'ಆಕ್ಷೇಪಣೆ ಎತ್ತಿದವರು ಅದರ ಆಧಾರ ಹೇಳ್ಬೇಕು. ಸಭೆಗೆ ಸ್ಪಷ್ಟವಾಗಿ ಹೇಳ್ಬೇಕು. ಹೇಳು.'

ಇದು ಅವಳ ಲೆಕ್ಕದಲ್ಲಿರಲಿಲ್ಲ. ಕಲಮು ತೋರಿಸಿದರೆ ಸಾಕೆಂದುಕೊಂಡಿದ್ದಳು. ಅತ್ತೆ ಸ್ಟೂಲಿನಿಂದ ಅರ್ಧ ಎದ್ದು, 'ಬೇಡ ಅಂದ್ರೆ, ಬಿಟ್ಬಿಡಿ ಅವಳನ್ನ' ಎಂದರು. ಮಾವ ಕೈಯೆತ್ತಿ ತಡೆದರು. ಅಧ್ಯಕ್ಷರ ಅನುಮತಿ ಇಲ್ಲದೆ ಮಾತಾಡುವ ಹಾಗಿಲ್ಲ. ಥೂ, ಎಂದುಕೊಂಡಳು. ಸಂಸತ್ತಂತೆ. ಅವರೆಕಾಯಿ ಸಿಪ್ಪೆಯ ಸಂಸತ್ತು.

'ನನ್ನ ಗಂಡ ಸತ್ತಿದ್ದಾನೆ' ಎಂದಳು. ದನಿ ಸರಿಯಾಗಿಯೇ ಬಂತು. 'ಅವನು ಸತ್ತ ದಿನ ನನ್ನ ಮದುವೆ ಮುಗೀತು. ನಾನು ಈ ಸಭೆಯ ಸದಸ್ಯೆ ಅಲ್ಲ. ನನಗೆ ಮತ ಇಲ್ಲ. ನಿಮಗೆ ಕೋರಂ ಇಲ್ಲ.'

ಫ್ಯಾನು ತಿರುಗಿ ರಿಜಿಸ್ಟರಿನ ಹಾಳೆಯ ಮೂಲೆಯನ್ನು ಎತ್ತುತ್ತಿತ್ತು, ಮಾವ ಅದನ್ನು ಬೆರಳಿನಿಂದ ಒತ್ತಿದರು. ಅವರು ತಲೆದೂಗಿದರು. 'ಆಕ್ಷೇಪಣೆ ಸಿಂಧು' ಎಂದರು. 'ನೋಡಿ, ಹೀಗೆ ಮಾಡಬೇಕು ವಾದ. ಐದು ವಾಕ್ಯ. ಒಂದು ಪದ ಹೆಚ್ಚಿಲ್ಲ.' ಅವರ ದನಿ ಒಂದಿಷ್ಟು ನಡುಗಿತು, ಮಗನಿಗಾಗಿ ಅಲ್ಲ, ವಾದಕ್ಕಾಗಿ. 'ಈಗ ಇದಕ್ಕೆ ಪರಿಹಾರ ಸುಲಭ. ಹನ್ನೊಂದನೇ ಕಲಮಿಗೆ ಒಂದು ತಿದ್ದುಪಡಿ ತಂದು, ಇವಳನ್ನ ಮತ್ತೆ ಸದಸ್ಯೆ ಮಾಡ್ಕೊಂಡು…'

'ತಿದ್ದುಪಡಿಗೂ ಐದು ಜನ ಬೇಕು' ಎಂದಳು.

ಮಾವ ಒಂದೊಂದೇ ಕಲಮನ್ನು ಮನಸ್ಸಿನಲ್ಲಿ ತಡಕುತ್ತಿರುವುದು ಕಾಣುತ್ತಿತ್ತು, ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವರ ಹಾಗೆ. ಇನ್ನು ಮೇಲೆ ಸಭೆ ನಡೆಯುವಂತಿಲ್ಲ. ನಡೆಯುವಂತೆ ಮಾಡುವುದಕ್ಕೂ ಸಭೆ ಬೇಕು. ಅನಮ್ಯ ಸಂವಿಧಾನದ ಪ್ರಧಾನ ದೋಷ, ಉದಾಹರಣೆ ಸಹಿತ ವಿವರಿಸಿ. ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. ಗೆದ್ದಿದ್ದಳು. ಗೆದ್ದ ಮೇಲೆ ಏನಾಗುತ್ತದೆಂದು ಅವಳಿಗೆ ತಿಳಿಯದು, ಈ ಮೇಜಿನಲ್ಲಿ ಅವಳ ಕಡೆಯವರು ಮಾವನ ವಿರುದ್ಧ ಎಂದೂ ಗೆದ್ದಿರಲಿಲ್ಲ.

'ಹಾಗಾದ್ರೆ ಇನ್ನೇನು ಮಾವ' ಎಂದ ಅಳಿಯ, ಮೂಗು ಒರೆಸಿಕೊಳ್ಳುತ್ತ. ಅವನ ದನಿಯಲ್ಲಿ ದ್ವೇಷವೇನೂ ಇರಲಿಲ್ಲ, ಬಸ್ಸು ತಪ್ಪಿದ್ದಕ್ಕೆ ಆಟೋ ಹಿಡಿಯೋಣವೆಂದ ಹಾಗಿತ್ತು. 'ಪುಸ್ತಕ ಕೆಟ್ಟು ನಿಂತ್ರೆ ಮನೆ ನಿಲ್ಲುತ್ತಾ? ಮನೆ ನಿಮ್ದು. ನೀವೇ ಒಂದು ಮಾತು ಹೇಳಿ.'

'ಹಾಗೆಲ್ಲ ಹೇಳೋಕಾಗಲ್ಲ…' ಎಂದರು ಮಾವ.

'ಅಪ್ಪ, ಇವರಿಗೆ ಮೊನ್ನೆ ಉಸಿರು ಕಟ್ಟಿತ್ತು' ಎಂದಳು ನಾದಿನಿ. 'ಗೋಡೆ ಮುಟ್ಟಿ ನೋಡು ಬಾ. ಮುಟ್ಟಿ ನೋಡಪ್ಪ.'

ಮಾವ ರಿಜಿಸ್ಟರನ್ನು ಮುಚ್ಚಿದರು. ಕನ್ನಡಕ ತೆಗೆದು ಅದರ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ಅವಳು ಹೆಚ್ಚು ನೋಡಿರಲಿಲ್ಲ. ದಪ್ಪ ರೆಪ್ಪೆಯ, ಸಾಮಾನ್ಯವಾದ, ಯಾವ ಅಂಗಡಿಯಲ್ಲಿ ಬೇಕಾದರೂ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರಬಹುದಾದ ಮುಖ.

'ಕೋಣೆ ಅವರಿಗೆ ಬಿಟ್ಟುಕೊಡಮ್ಮ' ಎಂದರು. 'ಇವತ್ತೇ. ನೀನು ನಿಮ್ಮತ್ತೆ ಜೊತೆ ಇರು.' ಪೆನ್ನಿಗೆ ಮುಚ್ಚಳ ಹಾಕುತ್ತ, 'ಇದನ್ನ ನಡವಳಿಯಲ್ಲಿ ಬರ್ಯೋದು ಬೇಡ' ಎಂದರು.

ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಅವರ ಮುಖ ಹಗುರವಾಗಿತ್ತು. ಬಿಗಿಯಾದ ಬೂಟು ಬಿಚ್ಚಿದವರ ಹಾಗೆ ಅವರು ಬೆರಳುಗಳನ್ನು ಮೇಜಿನ ಮೇಲೆ ಆಡಿಸುತ್ತಿದ್ದರು. ಅದನ್ನು ನೋಡುತ್ತ ಅವಳಿಗೆ ಗೊತ್ತಾಯಿತು. 'ಅಪ್ಪ ಒಂದು ದಿನಾನೂ ಸೋತಿಲ್ಲ, ಅದಕ್ಕೇ ಅಪ್ಪನಿಗೆ ಸಂವಿಧಾನ ಅಂದ್ರೆ ಅಷ್ಟು ಪ್ರೀತಿ' ಎಂದು ಗಂಡ ಒಮ್ಮೆ ದಿಂಬಿನ ಮೇಲಿಂದ ಹೇಳಿದ್ದ, ಅವಳು ತಮಾಷೆಯೆಂದು ನಕ್ಕಿದ್ದಳು. ಅವನಿಗೆ ಗೊತ್ತಿತ್ತು. ಅತ್ತೆಗೆ ಸೌಟು ಹಿಡಿದ ಕೈ ಎತ್ತುವಾಗಲೇ ಗೊತ್ತಿತ್ತು. ಸೀನುವ ಈ ಮನುಷ್ಯನಿಗೂ ಗೊತ್ತಿತ್ತು. ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆ ಪುಸ್ತಕವನ್ನು ಹೀಯಾಳಿಸಿದವಳು ಅವಳು, ಅದನ್ನು ನಂಬಿದವಳೂ ಅವಳೊಬ್ಬಳೇ. ನಿಯಮ ತೋರಿಸಿದರೆ ಜನ ನಿಲ್ಲುತ್ತಾರೆಂದು ನಂಬಿದ್ದಳು. ಅದಕ್ಕಾಗಿ ಆ ಮಾತನ್ನು, ಆಸ್ಪತ್ರೆಯಲ್ಲಿ ಆಡದಿದ್ದುದನ್ನು, ಬೆಂಕಿಯ ಮುಂದೆ ಆಡದಿದ್ದುದನ್ನು, ಒಂದು ನಲ್ಲಿ ರಿಪೇರಿಯ ಸಭೆಯಲ್ಲಿ ಎದ್ದು ನಿಂತು ಆಡಿಬಿಟ್ಟಿದ್ದಳು. ಐದು ವಾಕ್ಯದಲ್ಲಿ. ಒಂದು ಪದ ಹೆಚ್ಚಿಲ್ಲದೆ. ಅಷ್ಟು ಹೊತ್ತು ಅವರ ಮೇಲಿದ್ದ ತಿರಸ್ಕಾರವೆಲ್ಲ ತಿರುಗಿ ಅವಳ ಬಾಯಿಗೇ ಬಂತು, ಕಹಿಯಾಗಿತ್ತು.

ಊಟಕ್ಕೆ ಮುಂಚೆಯೇ ಕೋಣೆ ಖಾಲಿಯಾಗತೊಡಗಿತು. ಅವಳ ಸಾಮಾನು ಹೆಚ್ಚಿರಲಿಲ್ಲ. ನಾದಿನಿ ಟೇಪು ಹಿಡಿದು ಕಿಟಕಿ ಅಳೆಯುತ್ತಿದ್ದಳು, ಅವಳು ಎದುರಾದಾಗಲೆಲ್ಲ ಅಳತೆಯನ್ನು ಮರೆತು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

'ಹಾಸಿಗೆ ಇಲ್ಲೇ ಇರ್ಲಿ ಬಿಡಿ ಅತ್ತಿಗೆ. ಇಬ್ಬರು ಮಲಗೋ ಹಾಸಿಗೆ, ಕೆಳಗೆ ಅಮ್ಮನ ಕೋಣೇಲಿ ಹಿಡಿಸಲ್ಲ.'

'ಅದು ನಂದು' ಎಂದಳು.

'ನಿಮ್ದೇ. ಯಾರು ಅಲ್ಲ ಅಂದ್ರು? ಎಲ್ಲಿ ಹಾಕ್ತೀರಿ ಅಂತ ಅಂದೆ ಅಷ್ಟೆ.'

ಎಲ್ಲಿ ಎಂದು ಅವಳು ಯೋಚಿಸಿರಲಿಲ್ಲ. ಹಾಸಿಗೆಯನ್ನು ಎಬ್ಬಿಸಿ ನಿಲ್ಲಿಸಿದಳು. ಹತ್ತಿಯ ಹಳೆಯ ಹಾಸಿಗೆ, ನಿಲ್ಲದೆ ಮಂಡಿಯಲ್ಲಿ ಬಾಗುತ್ತಿತ್ತು. ಅತ್ತೆ ಮೆಟ್ಟಿಲು ಹತ್ತಿ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೆಳಗಿನ ತುದಿ ಹಿಡಿದರು. ಮೇಲಿನ ತುದಿ ಅವಳು ಹಿಡಿದಳು. ಮೆಟ್ಟಿಲು ಕಡಿದು, ಅರ್ಧಕ್ಕೆ ಬಂದು ತಿರುಗುತ್ತದೆ; ತಿರುವಿನಲ್ಲಿ ಹಾಸಿಗೆ ಗೋಡೆಗೂ ಕಟಕಟೆಗೂ ನಡುವೆ ಸಿಕ್ಕಿಕೊಂಡಿತು. ಅವಳು ದಬ್ಬಿದಳು. ಅದು ಬಾಗಿ ಅವಳ ಮೇಲೇ ಒರಗಿತು, ಮುಖ, ಎದೆ, ಎರಡೂ ತೋಳು ಮುಳುಗುವ ಹಾಗೆ.

'ಎಡಕ್ಕೆ, ಎಡಕ್ಕೆ ಅಕ್ಕಾ' ಎಂದು ಅಳಿಯ ಕೆಳಗಿನಿಂದ ಕೂಗಿದ. ಅವನಿಗೆ ಧೂಳು ಆಗುವುದಿಲ್ಲವಾದ್ದರಿಂದ ಬಾಯಿಗೆ ಕರವಸ್ತ್ರ ಹಿಡಿದುಕೊಂಡಿದ್ದನೆಂದು ದನಿಯಲ್ಲೇ ತಿಳಿಯುತ್ತಿತ್ತು. 'ಅತ್ತೆ, ನೀವು ಎಳೀರಿ. ಒಂದ್ಸಲ ಜೋರಾಗಿ ಎಳೀರಿ.'

'ಮೇಲೆತ್ತಿ ತಿರುಗಿಸ್ಬೇಕು' ಎಂದರು ಮಾವ, ಇನ್ನೂ ದೂರದಿಂದ.

ಹಾಸಿಗೆಯ ಈ ಕಡೆ ಬರಿಯ ಗೋಡೆ, ಮೇಲೆ ನಾದಿನಿಗೆ ಕಾಣಿಸುವುದು ಅವಳ ಬೆನ್ನು, ಮುಖ ಯಾರಿಗೂ ಕಾಣದು. ಬಟ್ಟೆಯಲ್ಲಿ ಅವನ ವಾಸನೆಯೇನೂ ಇರಲಿಲ್ಲ, ಧೂಳಿತ್ತು, ಹತ್ತಿಯಿತ್ತು. ಅವಳು ಬಾಯಿ ಬಿಗಿದಳು. ಬಾಯಿ ತಾನಾಗಿಯೇ ತೆರೆದುಕೊಂಡಿತು, ಕಣ್ಣಿನ ಕೆಳಗೆ ಹಾಸಿಗೆಯ ಬಟ್ಟೆ ಒದ್ದೆಯಾಗತೊಡಗಿತು.

'ಎಳೀಬೇಡಿ' ಎಂದಳು, ಹತ್ತಿಯೊಳಕ್ಕೆ.

ಆ ಕಡೆ ಅತ್ತೆಯ ಕೈಗಳು ಹಿಡಿತ ಬದಲಿಸಿದ್ದು ಅವಳ ಕೈಗಳಿಗೆ ತಿಳಿಯಿತು. 'ಎಳ್ಯಲ್ಲ' ಎಂದರು ಅತ್ತೆ, ಅವಳಿಗೆ ಮಾತ್ರ ಕೇಳುವಷ್ಟು. ಆಮೇಲೆ ಕೆಳಗಿನವರಿಗೆ ಕೇಳುವ ಹಾಗೆ, ಮೂವತ್ತು ವರ್ಷದಲ್ಲಿ ಆ ಮನೆ ಕೇಳದ ದನಿಯಲ್ಲಿ, 'ಸಿಕ್ಕಿಕೊಂಡಿದೆ ಅಂತ ಕಾಣಲ್ವಾ? ಎಲ್ಲರೂ ಆಚೆ ಹೋಗಿ' ಎಂದರು.